ಬೆಂಕಿಪುರದ ಕಬ್ಬಿಣ, ಮಂಡಕ್ಕಿಯಂಥ ಲೋಹ

ಕಬ್ಬಿಣ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗೋದು ಭದ್ರಾವತಿ. ಶಂಕರಘಟ್ಟದಲ್ಲಿ ಈಗ ಇರುವ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾಗಿದ್ದು 1987ರಲ್ಲಿ. ಅದಕ್ಕೆ ಆರು ದಶಕ ಮೊದಲೇ, 1923ರ ಜನವರಿಯಲ್ಲಿ, ಹತ್ತಿರದ ಬೆಂಕಿಪುರದಲ್ಲಿ (ಈಗಿನ ಭದ್ರಾವತಿ) ಕಬ್ಬಿಣ ಕರಗಿ ಹರಿದಿತ್ತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡ ಕಾಡಿನ ಇದ್ದಿಲು, ವಿಶ್ವೇಶ್ವರಯ್ಯನವರ ಹಟ. ಒಳ್ಳೆ ಲೋಹ ಅಂದ್ರೆ ಗಟ್ಟಿಯಾಗಿರಬೇಕು, ಬಗ್ಗಬಾರದು ಅನ್ನೋ ನಂಬಿಕೆ ನಮ್ಮ ಮನಸ್ಸಲ್ಲಿ ಕೂತಿದ್ದು ಹೀಗೇ ಇರಬೇಕು.

ಆದರೆ ಲೋಹದ ಚರಿತ್ರೆಯಲ್ಲಿ ಇನ್ನೊಂದು ದಾರಿಯೂ ಇದೆ. ಬಗ್ಗೋದೇ ಗುಣ ಅನ್ನೋ ದಾರಿ!

ಒಂದು ಗಟ್ಟಿ ಕಬ್ಬಿಣದ ತುಂಡಿನ ಮೇಲೆ ಭಾರ ಬಿದ್ದರೆ ಪೆಟ್ಟು ನೇರವಾಗಿ ಕೆಳಗೆ ದಾಟುತ್ತೆ. ಸ್ಪ್ರಿಂಗ್ ಇಟ್ಟರೆ ತೆಗೆದುಕೊಂಡ ಶಕ್ತಿಯನ್ನ ತಿರುಗಿಸಿ ಎಸೆಯುತ್ತೆ. ಅದೇ ಮಂಡಕ್ಕಿ ಚೀಲದ ಮೇಲೆ ಬಿದ್ದರೆ? ಒಂದೊಂದೇ ಕಾಳು ನಜ್ಜಾಗುತ್ತಾ, ಹೆಚ್ಚುಕಮ್ಮಿ ಒಂದೇ ಬಲದಲ್ಲಿ, ಬಹಳ ದೂರ ಕುಸಿಯುತ್ತೆ. ಬಲ ಗುಣಿಸು ದೂರ, ಅಷ್ಟೇ ನುಂಗಿದ ಶಕ್ತಿ. ಕಾಳೆಲ್ಲ ಪುಡಿಯಾದ ಮೇಲೆ ಮಾತ್ರ ಚೀಲ ಕಲ್ಲಿನ ಹಾಗೆ ಆಗಿಬಿಡುತ್ತೆ. ಒಳಗೆ ಖಾಲಿ ಜಾಗ ಇದ್ದಷ್ಟೂ ಕುಸಿಯೋಕೆ ಅವಕಾಶ. ಅಂದ್ರೆ ಇಲ್ಲಿ ಕೆಲಸ ಮಾಡೋದು ವಸ್ತುವಿಗಿಂತ ಹೆಚ್ಚಾಗಿ ಅದರ ಜೋಡಣೆ. ಹೀಗೆ ಆಕಾರದಿಂದಲೇ ಗುಣ ಪಡೆಯುವ ರಚನೆಗಳಿಗೆ ಇವತ್ತು ಮೆಟಾಮೆಟೀರಿಯಲ್ ಅಂತಾರೆ.

ಇದರ ಲೆಕ್ಕ ಹಳೇದು. 1864ರಲ್ಲೇ ಮ್ಯಾಕ್ಸ್‌ವೆಲ್ ಸಾಹೇಬರು ಕಂಬಿ ಮತ್ತು ಗಂಟುಗಳ ಚೌಕಟ್ಟು ಅಲುಗದೆ ನಿಲ್ಲಬೇಕಾದರೆ ಎಷ್ಟು ಕಂಬಿ ಬೇಕು ಅಂತ ಸೂತ್ರ ಕೊಟ್ಟಿದ್ದರು. ಕಂಬಿ ಸಾಕಷ್ಟಿದ್ದರೆ ಜಾಲರಿ ಬಿಗಿ, ಆದರೆ ಸೋತಾಗ ಥಟ್ಟನೆ ಸೋಲುತ್ತೆ. ಕಮ್ಮಿ ಇದ್ದರೆ ಮೆತ್ತಗೆ, ನಿಧಾನವಾಗಿ ಮಡಚಿಕೊಳ್ಳುತ್ತೆ. 2001ರಲ್ಲಿ ಕೇಂಬ್ರಿಜ್‌ನಲ್ಲಿ ವಿಕ್ರಮ್ ದೇಶಪಾಂಡೆ, ಫ್ಲೆಕ್ ಮತ್ತು ಆಶ್ಬಿ ಇದೇ ಲೆಕ್ಕವನ್ನ ಹಗುರ ಜಾಲರಿಗಳಿಗೆ ಹೊಂದಿಸಿ ನೋಡಿದರು.

ಆದರೆ ಜೀವ ಉಳಿಸೋ ಪರೀಕ್ಷೆ ಅದಕ್ಕೂ ಮೊದಲೇ, ಚಂದ್ರನ ಮೇಲೆ ಆಗಿತ್ತು. 1969ರಲ್ಲಿ ಅಪೊಲೊ 11ರ ನೌಕೆಯ ಕಾಲುಗಳೊಳಗೆ ಜೇನುಗೂಡಿನಂಥ ಅಲ್ಯುಮಿನಿಯಂ ತುಂಬಿದ್ದರು. ಒಂದೇ ಸಲ ಬಳಸಿ ಬಿಡೋ ಸರಕು. ತಮಾಷೆ ಅಂದ್ರೆ ಆರ್ಮ್‌ಸ್ಟ್ರಾಂಗ್ ಎಷ್ಟು ಮೆತ್ತಗೆ ಇಳಿಸಿದರೆಂದರೆ ಅದು ಕುಸಿಯಲೇ ಇಲ್ಲ ಅನ್ನಬಹುದು. ಹಾಗಾಗಿ ಏಣಿಯ ಕೊನೇ ಮೆಟ್ಟಿಲು ನೆಲದಿಂದ ಮೇಲೇ ಉಳಿದು, ಅವರು ಧುಮುಕಬೇಕಾಯ್ತು :-)

ನಮ್ಮ ಹಣ್ಣಿನಲ್ಲೂ ಈ ವಿದ್ಯೆ ಇದೆ. ಚಕ್ಕೋತದ ಹಣ್ಣು ಎತ್ತರದಿಂದ ಬಿದ್ದರೂ ಸುಲಭಕ್ಕೆ ಒಡೆಯಲ್ಲ ಅಲ್ವಾ? ಅದರ ದಪ್ಪ ಸಿಪ್ಪೆ ಒಳಗೆಲ್ಲ ಸ್ಪಂಜು. ಜರ್ಮನಿಯ ಫ್ರೈಬರ್ಗ್ ಮತ್ತು ಆಖೆನ್‌ನ ಸಂಶೋಧಕರು ಅದೇ ಸಿಪ್ಪೆಯನ್ನ ಮಾದರಿಯಾಗಿಟ್ಟುಕೊಂಡು ಲೋಹದ ನೊರೆ ಎರಕ ಹೊಯ್ದರು. ದೇವನಹಳ್ಳಿಯವರು ಹೆಮ್ಮೆ ಪಡಬಹುದು.

2011ರಲ್ಲಿ ಕ್ಯಾಲಿಫೋರ್ನಿಯಾದ ಎಚ್‌ಆರ್‌ಎಲ್ ಪ್ರಯೋಗಾಲಯದವರು ಇನ್ನೂ ಮುಂದೆ ಹೋದರು. ಬೆಳಕಿನಿಂದ ಪ್ಲಾಸ್ಟಿಕ್ಕಿನ ಜಾಲರಿ ಗಟ್ಟಿಮಾಡಿ, ಅದಕ್ಕೆ ನಿಕ್ಕಲ್ ಲೇಪಿಸಿ, ಒಳಗಿನ ಪ್ಲಾಸ್ಟಿಕ್ ಕರಗಿಸಿಬಿಟ್ಟರು. ಉಳಿದದ್ದು ಪೊಳ್ಳು ಕೊಳವೆಗಳ ಬಲೆ. ಗೋಡೆಯ ದಪ್ಪ 100 ನ್ಯಾನೋಮೀಟರ್, ಘನ ಸೆಂಟಿಮೀಟರಿಗೆ ತೂಕ 0.9 ಮಿಲಿಗ್ರಾಂ. ಅದೇ ಅಳತೆಯ ನೀರು 1000 ಮಿಲಿಗ್ರಾಂ! ಅರ್ಧಕ್ಕಿಂತ ಹೆಚ್ಚು ಹಿಂಡಿ ಬಿಟ್ಟರೂ ಬಹುತೇಕ ಮೊದಲಿನ ಎತ್ತರಕ್ಕೆ ಬಂತು. ಮೊದಲ ಹಿಂಡಿಗೆ ಒಳಗೆ ಸಣ್ಣ ಬಿರುಕು ಬೀಳುತ್ತೆ ಅನ್ನೋದೂ ನಿಜ. ಈಗ ಲೋಹದ ಪುಡಿಯನ್ನ ಲೇಸರ್‌ನಲ್ಲಿ ಪದರ ಪದರ ಕರಗಿಸಿ ಬೇಕಾದ ಜಾಲರಿಯನ್ನ ಅಚ್ಚು ಮಾಡ್ತಾರೆ.

ಇದೆಲ್ಲ ನಮಗೆ ಯಾಕೆ? 2019ರ ಸೆಪ್ಟೆಂಬರ್ 7ರ ರಾತ್ರಿ ಟಿವಿ ಮುಂದೆ ಕೂತಿದ್ದವರಿಗೆ ಗೊತ್ತು. ವಿಕ್ರಮ್ ಬೇಕಾದಷ್ಟು ವೇಗ ಕಳೆದುಕೊಳ್ಳಲಿಲ್ಲ, ಮಾತು ನಿಂತುಹೋಯ್ತು. ಎಂಥ ಕಾಲಿದ್ದರೂ ಅದಕ್ಕೊಂದು ಮಿತಿ ಇದೆ. ಮುಂದಿನ ಸಲ ಇಸ್ರೋ ಕಾಲುಗಳನ್ನ ಬಲಪಡಿಸಿತು, ತಡೆದುಕೊಳ್ಳಬೇಕಾದ ಇಳಿಯುವ ವೇಗವನ್ನ ಸೆಕೆಂಡಿಗೆ 2 ಮೀಟರಿನಿಂದ 3 ಮೀಟರಿಗೆ ಏರಿಸಿತು. ಒಂದೇ ಮೀಟರ್ ತಾನೆ ಅನ್ನಬೇಡಿ. ಶಕ್ತಿ ವೇಗದ ವರ್ಗದಂತೆ ಏರುತ್ತೆ, ಅಂದ್ರೆ ಎರಡೂಕಾಲು ಪಟ್ಟು. 2023ರ ಆಗಸ್ಟ್ 23ರಂದು ಚಂದ್ರಯಾನ-3 ನೆಟ್ಟಗೆ ನಿಂತಿತು.

ಬೆಂಕಿಪುರದಲ್ಲಿ ಕಬ್ಬಿಣ ಹರಿದ ನೂರು ವರ್ಷಕ್ಕೆ! ಅಂದು ನಮಗೆ ಬೇಕಾಗಿದ್ದದ್ದು ಬಗ್ಗದ ಲೋಹ, ಸೇತುವೆಗೆ, ಕಂಬಕ್ಕೆ. ಅದು ಇವತ್ತಿಗೂ ಬೇಕು. ಆದರೆ ಬೀಳುವವರನ್ನ ಉಳಿಸೋಕೆ ಬೇಕಾಗೋದು, ಹೇಳಿದ ಜಾಗದಲ್ಲಿ, ಹೇಳಿದಷ್ಟೇ ಸೋಲೋದಕ್ಕೆ ಗೊತ್ತಿರುವ ಲೋಹ.

ಮುಂದಿನ ಸಲ ಮಂಡಕ್ಕಿ ತಿನ್ನುವಾಗ ಒಂದು ಕಾಳನ್ನ ಬೆರಳಲ್ಲಿ ನಿಧಾನಕ್ಕೆ ಒತ್ತಿ ನೋಡಿ. ಏನನ್ನಿಸಿತು ಹೇಳಿ.