ಬಾನುಲಿ

ಬಾನು, ಉಲಿ ಎರಡೂ ಅಚ್ಚಗನ್ನಡ, ಕೂಡಿದರೆ ರೇಡಿಯೊ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಚಿತ್ರದುರ್ಗ ಆಕಾಶವಾಣಿಯ ಕೃಷಿ ಕಾರ್ಯಕ್ರಮ ಕೇಳುವವರಿಗೆ ಈ ಪದ ಬರಹದಲ್ಲಷ್ಟೇ ಪರಿಚಿತ. ಮೈಸೂರಿನಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಆರಂಭಿಸಿದ ಪ್ರಸಾರ ಕೇಂದ್ರದ ‘ಆಕಾಶವಾಣಿ’ಯೇ ಆಡುಮಾತಿನಲ್ಲಿ ಗೆದ್ದಿತು. ಆದರೂ ಬಾನುಲಿಗೆ ಅದರದೇ ಕೆಲಸವಿದೆ ಎಂಬುದು ನನ್ನ ವಾದ. ಪ್ರಸಾರದ ದನಿ ಹೊರಡುವುದು ನೆಲದ ಗೋಪುರದಿಂದ. ನಿಜಕ್ಕೂ ಬಾನಿನಿಂದ ಬರುವುದು ಗೆಲಾಕ್ಸಿಗಳ ರೇಡಿಯೊ ಅಲೆ. ಕೆಲವು ಗೆಲಾಕ್ಸಿಗಳ ನಡುವಿನ ಬೃಹತ್ ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತ ಅದನ್ನು ಸೂಸುತ್ತವೆ. ಅಂಥವನ್ನು ‘ಬಾನುಲಿ ಗೆಲಾಕ್ಸಿ’ ಎನ್ನಬಹುದು.

ಅಲೆ ಶಬ್ದವಲ್ಲ, ಉಲಿ ಹೇಗಾದೀತು ಎಂಬ ಆಕ್ಷೇಪ ಸಹಜ. ಆದರೆ ಚಿತ್ರದುರ್ಗದಿಂದ ಬರುವುದೂ ಶಬ್ದವಲ್ಲ; ಪೆಟ್ಟಿಗೆಯೊಳಗೆ ಶಬ್ದವಾಗುತ್ತದೆ. ಎರಡೂ ಒಂದೇ ಜಾತಿಯ ಅಲೆ ಎಂಬುದಕ್ಕೆ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ‘ಸರಸ್-3’ ಆಂಟೆನಾವನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. ಅಡಿಯ ಮಣ್ಣುಕಲ್ಲಿನ ಪದರಗಳಿಂದ ಅಳತೆ ಕೆಡಬಾರದೆಂದೇ ನೀರನ್ನು ಆರಿಸಿದ್ದು. ಹುಡುಕಿದ್ದು ಆದಿಕಾಲದ ಜಲಜನಕದ ಕ್ಷೀಣ ಗುರುತು. ಮೂಲದಲ್ಲಿ ಅದು 1420 ಮೆಗಾಹರ್ಟ್ಸ್. ವಿಶ್ವ ಹಿಗ್ಗಿದ್ದರಿಂದ ಇಲ್ಲಿಗೆ ಮುಟ್ಟುವಾಗ 55ರಿಂದ 85ರ ನಡುವೆ, ಎಫ್‌ಎಂ ಪಟ್ಟಿಗಿಂತ ತುಸುವೇ ಕೆಳಗೆ. ಗುರುತು ಸಿಗಲಿಲ್ಲ. ಸಿಗದಿದ್ದುದರಿಂದಲೇ, ಮಹಾಸ್ಫೋಟದ ಸುಮಾರು 20 ಕೋಟಿ ವರ್ಷಗಳ ಬಳಿಕದ ಗೆಲಾಕ್ಸಿಗಳು ಬಾನುಲಿಯಲ್ಲಿ ಎಷ್ಟು ಪ್ರಖರವಾಗಿದ್ದಿರಬಹುದೆಂಬುದಕ್ಕೆ ತಂಡ 2022ರಲ್ಲಿ ಮಿತಿ ಹಾಕಿತು. ವಿಜ್ಞಾನ ಪಠ್ಯ ಬರೆಯುವವರು ಈ ಪದವನ್ನು ಧೈರ್ಯವಾಗಿ ಬಳಸಲಿ.