ತಂತ್ರಾಂಶಕ್ಕೂ ಬೇಕು ಬದಲಾವಣೆಗಳ ದಾಖಲೆ

ತಂತ್ರಾಂಶವೊಂದರ ಪ್ರತಿ ಆವೃತ್ತಿಯಲ್ಲಿ ಏನು ಬದಲಾಯಿತು, ಏಕೆ ಬದಲಾಯಿತು, ಹೊಣೆ ಯಾರದು ಎಂಬುದನ್ನು ಕಾಲಾನುಕ್ರಮದಲ್ಲಿ ತಿಳಿಸುವ ಕಡತವೇ ಚೇಂಜ್‌ಲಾಗ್. ಒಬ್ಬರೇ ಬರೆದ ಪುಟ್ಟ ತಂತ್ರಾಂಶಕ್ಕೆ ನೆನಪೇ ಸಾಕಾದೀತು. ಆದರೆ ಹಲವು ದೇಶಗಳ ನೂರಾರು ಮಂದಿ ಕೈಜೋಡಿಸುವ ಯೋಜನೆಯಲ್ಲಿ ಈ ದಾಖಲೆ ಅನಿವಾರ್ಯ. ಅದೂ ಒಂದೇ ಮಾದರಿಯಲ್ಲಿರಬೇಕು.

ಇದಕ್ಕೆ ಉತ್ತಮ ನಿದರ್ಶನ, 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್. ಸ್ವಯಂಸೇವಕರು ರೂಪಿಸುವ ಈ ಕಾರ್ಯಾಚರಣ ವ್ಯವಸ್ಥೆಯ ಪ್ರತಿ ಪ್ಯಾಕೇಜಿಗೂ ಚೇಂಜ್‌ಲಾಗ್ ಕಡ್ಡಾಯ. ಪ್ಯಾಕೇಜಿನ ಹೆಸರು, ಆವೃತ್ತಿ ಸಂಖ್ಯೆ, ಅದು ಸೇರುವ ವಿತರಣೆ ಹಾಗೂ ತುರ್ತಿನ ಮಟ್ಟ ಮೊದಲ ಸಾಲಿನಲ್ಲಿರುತ್ತವೆ. ನಂತರ ನಕ್ಷತ್ರ ಚಿಹ್ನೆಯೊಡನೆ ಒಂದೊಂದೇ ಬದಲಾವಣೆಯ ವಿವರ. ಕೊನೆಯಲ್ಲಿ ಹೊಣೆ ಹೊತ್ತವರ ಹೆಸರು, ಇ-ಮೇಲ್ ವಿಳಾಸ ಮತ್ತು ದಿನಾಂಕ. ಹೊಸ ನಮೂದು ಸದಾ ಕಡತದ ಮೇಲ್ತುದಿಗೆ ಸೇರುತ್ತದೆ.

ಈ ಶಿಸ್ತು ಓದುವವರಿಗಷ್ಟೇ ಅಲ್ಲ, ಗಣಕಕ್ಕೂ ಬೇಕು. ಪ್ಯಾಕೇಜನ್ನು ಸಿದ್ಧಪಡಿಸುವ ಸಾಧನಗಳು ಆವೃತ್ತಿ ಸಂಖ್ಯೆಯನ್ನು ಈ ಕಡತದಿಂದಲೇ ಪಡೆಯುತ್ತವೆ. 'ಕ್ಲೋಸಸ್' ಎಂಬ ಪದದ ಮುಂದೆ ದೋಷದ ಸಂಖ್ಯೆ ಬರೆದರೆ, ಪ್ಯಾಕೇಜು ಸಂಗ್ರಹಕ್ಕೆ ಸೇರಿದ ಬಳಿಕ ಆ ದೂರು ತಾನಾಗಿಯೇ ಮುಕ್ತಾಯಗೊಳ್ಳುತ್ತದೆ.

ತೊಡಕೂ ಉಂಟು. ಎಲ್ಲರೂ ಒಂದೇ ಕಡತದ ಮೇಲ್ತುದಿಯಲ್ಲಿ ಬರೆಯುವುದರಿಂದ ಒಬ್ಬರ ಬರಹಕ್ಕೂ ಇನ್ನೊಬ್ಬರದಕ್ಕೂ ತಾಕಲಾಟವಾಗುತ್ತದೆ. ಹೀಗಾಗಿ ಕೆಲವು ತಂಡಗಳು, ಗಿಟ್‌ನಲ್ಲಿ ಪ್ರತಿ ತಿದ್ದುಪಡಿಯೊಡನೆ ದಾಖಲಾದ ಕಿರು ಟಿಪ್ಪಣಿಗಳಿಂದ ಬಿಡುಗಡೆಯ ಹೊತ್ತಿಗೆ ಚೇಂಜ್‌ಲಾಗ್ ತಯಾರಿಸುತ್ತವೆ. ಆದರೆ ಆ ಟಿಪ್ಪಣಿಗಳು ಜೊತೆಗಾರರನ್ನು ಉದ್ದೇಶಿಸಿದವು. ಬಳಕೆದಾರರಿಗೆ ಅರ್ಥವಾಗುವಂತೆ ಅವನ್ನು ಮನುಷ್ಯರೇ ತಿದ್ದಬೇಕಾಗುತ್ತದೆ.

ದಾಖಲೆಯ ಬೆಲೆ ತಿಳಿಯುವುದು ಸಂಕಟ ಬಂದಾಗ. ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿಗೆ ಡೆಬಿಯನ್‌ನಲ್ಲಿ ಮಾಡಿದ ತಿದ್ದುಪಡಿಯೊಂದರಿಂದ, ಗೂಢಲಿಪಿಯ ಕೀಲಿಗಳನ್ನು ಊಹಿಸುವುದು ಸಾಧ್ಯವಾಗಿದೆ ಎಂದು 2008ರ ಮೇ 13ರಂದು ಎಚ್ಚರಿಕೆ ಪ್ರಕಟವಾಯಿತು. ದೋಷವಿದ್ದ ಮೊದಲ ಆವೃತ್ತಿ 0.9.8ಸಿ-1, ಅದು ಸಂಗ್ರಹಕ್ಕೆ ಸೇರಿದ್ದು 2006ರ ಸೆಪ್ಟೆಂಬರ್ 17ರಂದು. ಆವೃತ್ತಿ ಮತ್ತು ದಿನಾಂಕ ಖಚಿತವಾಗಿದ್ದುದರಿಂದ, ಅದರಿಂದೀಚೆಗೆ ಡೆಬಿಯನ್‌ನಲ್ಲಿ ಸೃಷ್ಟಿಯಾದ ಕೀಲಿಗಳನ್ನು ಹೊಸದಾಗಿ ಮಾಡಿಕೊಳ್ಳುವಂತೆ ಸ್ಪಷ್ಟವಾಗಿ ಸೂಚಿಸಲು ಸಾಧ್ಯವಾಯಿತು.

ತಪ್ಪು ನುಸುಳುವುದನ್ನು ದಾಖಲೆಯಿಂದ ತಡೆಯಲಾಗಲಿಲ್ಲ. ಆದರೆ ಹುಡುಕಾಟ ಎಲ್ಲಿಂದ ಆರಂಭವಾಗಬೇಕೆಂಬುದು ತಿಳಿಯಿತು. 'ಸಣ್ಣಪುಟ್ಟ ತಿದ್ದುಪಡಿ' ಎಂದಷ್ಟೇ ಬರೆದ ನಮೂದುಗಳಿಂದ ಅಂಥ ಸಮಯದಲ್ಲಿ ಯಾವ ನೆರವೂ ದೊರೆಯದು.