ವಾಲ್ವು, ಸೀಸ ಮತ್ತು ಮಕ್ಕಳು

ಹಿಂದೆ ಮಳವಳ್ಳಿಯ ಮದುವೆಮನೆಯ ಮುಂದೆ ಅಂಬಾಸಿಡರ್ ಬಂದು ನಿಂತರೆ ಅದೊಂದು ಗತ್ತು. ಅದರ ಎಂಜಿನ್ನಿನ ಕಥೆ ಗಂಡಸರಿಗೇ ಮೀಸಲೆಂದು ನಾವು ಹೆಂಗಸರು ಸುಮ್ಮನಿದ್ದೆವು. ಆದರೆ ಆ ಕಥೆಯಲ್ಲಿ ನಮ್ಮ ಮಕ್ಕಳೂ ಇದ್ದರು.

ಎಂಜಿನ್ನಿನ ಹೆಡ್ಡಿನಲ್ಲಿರುವ ವಾಲ್ವುಗಳು ತಮ್ಮ ಸೀಟಿನ ಮೇಲೆ ಬಿಗಿಯಾಗಿ ಕೂರಬೇಕು. ಇಲ್ಲವಾದರೆ ಗ್ಯಾಸ್ಕೆಟ್ ಸಡಿಲಾದ ಕುಕ್ಕರಿನಂತೆ ಒತ್ತಡ ಸೋರಿ, ಗಾಡಿಯ ಕಸುವು ಇಳಿಯುತ್ತದೆ. 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ, ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರೆ ಎಂಜಿನ್ ಕುಟ್ಟುವುದು ನಿಲ್ಲುತ್ತದೆಂದು ಕಂಡುಕೊಂಡರು. ವೇಗದ ಕಾರುಗಳಿಗೆ ಅದು ವರವಾಯಿತು. ಸೀಸದ ತೆಳುಪದರ ವಾಲ್ವಿನ ಸೀಟನ್ನೂ ಕಾಯಿತು. ಆಗ ಬೆಂಗಳೂರು–ಮೈಸೂರು ರಸ್ತೆ ಮದ್ದೂರು, ಮಂಡ್ಯದ ಪೇಟೆಗಳ ನಡುವೆಯೇ ಹಾಯುತ್ತಿತ್ತು. ಹೊಗೆಯಲ್ಲಿ ಬಂದ ಸೀಸ ಮಕ್ಕಳ ರಕ್ತ ಸೇರಿದರೆ ಬುದ್ಧಿಯ ಬೆಳವಣಿಗೆಯನ್ನೇ ಕುಂದಿಸುತ್ತದೆ.

2000ದ ಫೆಬ್ರವರಿಯಿಂದ ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಬೀಡಿನ ಹಳೆಯ ಹೆಡ್ಡುಗಳ ಸೀಟು ಬೇಗ ಸವೆಯುವ ಭಯ ಹುಟ್ಟಿತು. ಅದಕ್ಕೂ ಉಪಾಯವಿತ್ತು: ಸವೆದ ಸೀಟನ್ನು ಕೊರೆದು ಗಟ್ಟಿ ಲೋಹದ ಉಂಗುರ ಕೂರಿಸುವುದು, ಹೊಸ ವಾಲ್ವಿಗೆ ಪೇಸ್ಟು ಹಚ್ಚಿ, ಉಜ್ಜಿ ಹೊಂದಿಸುವುದು. ಕಾರುಗಳ ಸೀಸದ ಪೆಟ್ರೋಲನ್ನು ಲೋಕದಲ್ಲೇ ಕೊನೆಯದಾಗಿ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ.

ವಾಲ್ವು ಸವೆದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಮಗುವಿನ ಮಿದುಳಿಗೆ ಅಂಥ ಅಂಗಡಿ ಎಲ್ಲಿದೆ?